ಜಗಲಿಯೋ ಕಿಟಕಿಯೋ ಟಾರ್ಚೋ: ಐದು ಗಿಟಾರುಗಳ ಫೋಟೋ ತೆಗೆದದ್ದು

ಕಪ್ಪು ಗಿಟಾರಿನ ಮೊದಲ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ನೋಡುತ್ತಿದ್ದೆ. ಹಿಂದೆ ನಿಂತಿದ್ದ ಮಗಳು, "ಅಪ್ಪಾ, ಗಿಟಾರಲ್ಲಿ ನಿಮ್ಮ ಹೊಟ್ಟೆ ಕಾಣ್ತದೆ" ಎಂದಳು. ಹೌದು, ಕಾಣುತ್ತಿತ್ತು. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳ ಕೆಳಗೆ, ವಾಲ್ಯೂಮ್ ನಾಬಿನ ಪಕ್ಕದಲ್ಲಿ, ಬಿಳಿ ಬನಿಯನ್ನು, ಚೌಕುಳಿ ಲುಂಗಿ, ಎರಡರ ನಡುವೆ ನಾನು.

ಸಂಗ್ರಹ ಎಂದು ಹೇಳಿಕೊಳ್ಳುವಷ್ಟೇನೂ ಇಲ್ಲ, ಇರುವುದು ಐದೇ. ಚಿಕ್ಕಪ್ಪನಿಂದ ಬಂದ ಕೋಲ್ಕತ್ತದ ಹಳೇ ಅಕೂಸ್ಟಿಕ್ ಒಂದು; ಅದರ ಒಳಗಿನ ಲೇಬಲ್ಲನ್ನು ಹುಳ ತಿಂದು ಎಷ್ಟೋ ವರ್ಷವಾಯಿತು. ನಾನು ಕಲಿಯಲು ಕೊಂಡ ಯಮಾಹಾ ಎಫ್310. ಸನ್‌ಬರ್ಸ್ಟ್ ಬಣ್ಣದ ಸ್ಕ್ವಾಯರ್ ಸ್ಟ್ರಾಟೋಕ್ಯಾಸ್ಟರ್. ಕಪ್ಪು ಎಪಿಫೋನ್ ಲೆಸ್ ಪಾಲ್. ಇವೆರಡು ಎಲೆಕ್ಟ್ರಿಕ್. ಕೊನೆಗೆ, ಬೀಟೆ ಮರದ ಹಿಂಬದಿಯ, ನೈಲಾನ್ ತಂತಿಯ ಕ್ಲಾಸಿಕಲ್. ಮನೆ ಮಂಗಳೂರಿನ ಹತ್ತಿರ, ಹೆಂಚಿನದು. ಜುಲೈಯಲ್ಲಿ ತೇವಾಂಶದ ಮೀಟರು 88ಕ್ಕೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಅಕೂಸ್ಟಿಕ್ ಗಿಟಾರಿಗೆ ಹಿತವಾದದ್ದು 45ರಿಂದ 55. ಹಾಗಾಗಿ ವರ್ಷಕ್ಕೊಮ್ಮೆ ಎಲ್ಲದರ ಮುಂದೆ, ಹಿಂದೆ, ತಲೆ, ಬ್ರಿಡ್ಜ್ (ಮುಖದ ಮೇಲೆ ತಂತಿಗಳ ಬುಡವನ್ನು ಹಿಡಿದಿಡುವ ಭಾಗ) ಫೋಟೋ ತೆಗೆದಿಟ್ಟರೆ ಯಾವುದು ಎಲ್ಲಿ ಬಾಗಿತು ಎಂದು ಗೊತ್ತಾಗುತ್ತದಲ್ಲ ಎಂದು ಶುರು ಮಾಡಿದ್ದು. ಚಂದವಾಗಿಯೂ ಬರಲಿ ಎಂಬ ಆಸೆ ಆಮೇಲೆ ಅಂಟಿಕೊಂಡಿತು. ಕಳೆದ ಮಳೆಗಾಲ ಪೂರ್ತಿ ಅದರಲ್ಲೇ ಹೋಯಿತು.

ಕ್ಯಾಮೆರಾದ ಫ್ಲ್ಯಾಶಿಗೆ ಒಂದು ಸಾಲು ಸಾಕು: ಗಿಟಾರಿನ ಎದೆಯ ಮೇಲೆ ಬಿಳಿ ಗುಂಡಿ, ಹಿಂದಿನ ಗೋಡೆಗೆ ದೆವ್ವದಂಥ ನೆರಳು. ಬಿಟ್ಟುಬಿಟ್ಟೆ.

ಕಿಟಕಿಯ ಬೆಳಕಿನ ಮೇಲೆ ತುಂಬಾ ಭರವಸೆ ಇತ್ತು. ನನ್ನ ಕೋಣೆಯ ಕಿಟಕಿ ಉತ್ತರಕ್ಕಿದೆ, ಬಿಸಿಲು ನೇರ ಬೀಳುವುದಿಲ್ಲ. ಟ್ಯೂಬ್‌ಲೈಟ್ ಆರಿಸಿ, ಗಿಟಾರನ್ನು ಕಿಟಕಿಗೆ ಪಕ್ಕೆ ಕೊಟ್ಟು ನಿಲ್ಲಿಸಿದರೆ ಎಫ್310ರ ಸ್ಪ್ರೂಸ್ ಮರದ ಎಳೆಗಳು ಬಾಚಿದ ಕೂದಲಿನ ಹಾಗೆ ಒಂದೊಂದೂ ಬಿಡಿಸಿಕೊಂಡು ಕಾಣುತ್ತವೆ. (ಟ್ಯೂಬ್‌ಲೈಟ್ ಆರಿಸಲು ಮರೆತ ದಿನದ ಫೋಟೋಗಳಲ್ಲಿ ಗಿಟಾರಿನ ಒಂದು ಬದಿ ನೀಲಿ, ಇನ್ನೊಂದು ಬದಿ ಹಸಿರು.) ತಕರಾರು ಬಂದದ್ದು ಲೆಸ್ ಪಾಲಿನಿಂದ. ಸ್ಟ್ರಾಟೋಕ್ಯಾಸ್ಟರಿನ ಮುಖ ಹೆಚ್ಚುಕಡಿಮೆ ಚಪ್ಪಟೆ, ಸ್ವಲ್ಪ ತಿರುಗಿಸಿದರೆ ಪ್ರತಿಬಿಂಬ ಅತ್ತ ಹೋಗುತ್ತದೆ. ಲೆಸ್ ಪಾಲಿನದು 1952ರಲ್ಲಿ ಗಿಬ್ಸನ್ ಕಂಪನಿ ಮೊದಲು ಮಾಡಿದಾಗಿನಿಂದಲೂ ಉಬ್ಬು ಕೆತ್ತಿದ ಮುಖ. ಎತ್ತ ತಿರುಗಿಸಿದರೂ ಕೋಣೆಯ ಯಾವುದಾದರೂ ಒಂದು ಮೂಲೆಯನ್ನು ಹಿಡಿದುಕೊಂಡೇ ಇರುತ್ತದೆ. ನನ್ನ ಕಿಟಕಿಯ ಸರಳುಗಳೆಲ್ಲ ಆ ಉಬ್ಬಿನ ಮೇಲೆ ಬಾಗಿ ಬಿದ್ದು ಗಿಟಾರ್ ಜೈಲಿಗೆ ಹೋದ ಹಾಗಿತ್ತು.

ಇನ್ನೊಂದು ತೊಂದರೆ ಜಾಗದ್ದು. ನನ್ನದು ಹಳೇ ಕೆನಾನ್ ಡಿಎಸ್‌ಎಲ್‌ಆರ್, ಸಣ್ಣ ಸೆನ್ಸರಿನದು, 50 ಎಂಎಂ ಲೆನ್ಸ್. ಗಿಟಾರಿನ ಉದ್ದ ಸುಮಾರು ಒಂದು ಮೀಟರ್. ತಲೆಗೂ ಬುಡಕ್ಕೂ ಸ್ವಲ್ಪ ಜಾಗ ಬಿಟ್ಟು ಹಿಡಿಸಬೇಕಾದರೆ ಒಂಬತ್ತು ಅಡಿ ಹಿಂದೆ ಸರಿಯಬೇಕು. ಕೋಣೆ ಹತ್ತಡಿ. ಬೆನ್ನು ಕಬ್ಬಿಣದ ಕಪಾಟಿಗೆ ಒತ್ತಿ, ಉಸಿರು ಬಿಗಿಹಿಡಿದು ಬಟನ್ ಒತ್ತುವಾಗ ಕಪಾಟು ಕಿರ್ ಎಂದು ಅಲ್ಲಾಡುತ್ತಿತ್ತು. ಮೊಬೈಲಿಗಾದರೆ ಮೂರೇ ಅಡಿ ಸಾಕು, ಅದೇ ಅದರ ದೋಷ ಕೂಡ. ಅಷ್ಟು ಹತ್ತಿರದಿಂದ ಹೊಟ್ಟೆಯ ಎದುರು ಹಿಡಿದರೆ ಹೊಟ್ಟೆ ಊದುತ್ತದೆ, ತಲೆ ಕುಗ್ಗುತ್ತದೆ. ಐದೂ ಗಿಟಾರುಗಳು ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ಮೊಬೈಲಿನಲ್ಲಿ 2ಎಕ್ಸ್ ಒತ್ತಿ ಆರಡಿ ಹಿಂದೆ ಹೋಗಿ ತೆಗೆದದ್ದಕ್ಕೂ ಕ್ಯಾಮೆರಾದ್ದಕ್ಕೂ, ಪರದೆಯ ಮೇಲೆ ನೋಡುವಾಗ, ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಡಿಎಸ್‌ಎಲ್‌ಆರ್‌ಗೆ ಹಾಕಿದ ದುಡ್ಡಿನ ನೆನಪಾಗಿ ಇದನ್ನು ಬರೆಯಲು ಸ್ವಲ್ಪ ಸಂಕಟವೇ.

ಮಳೆಗಾಲದಲ್ಲಿ ಬೆಳಕೇ ಇರುವುದಿಲ್ಲ, ಸಂಜೆ ಕೆಲಸ ಮುಗಿಸಿ ಬಂದ ಮೇಲೂ ತೆಗೆಯಬಹುದು ಎಂದು ಎಲ್‌ಇಡಿ ಪ್ಯಾನೆಲ್ ತರಿಸಿದೆ. ಅಗ್ಗದ್ದು. ಇಟ್ಟಲ್ಲಿ ಇರುತ್ತದೆ, ಮೋಡ ಬಂತೆಂದು ಬದಲಾಗುವುದಿಲ್ಲ, ಆ ಮಟ್ಟಿಗೆ ಒಳ್ಳೆಯದು. ಸ್ಟ್ರಾಟೋಕ್ಯಾಸ್ಟರಿನ ಸನ್‌ಬರ್ಸ್ಟ್ ಮಾತ್ರ ಕೆಟ್ಟುಹೋಯಿತು. ನಡುವೆ ಹಳದಿ, ಅಂಚಿಗೆ ಕಪ್ಪು, ಎರಡರ ಮಧ್ಯೆ ಕೆಂಡದ ಅಂಚಿನಂಥ ಕೆಂಪು ಪಟ್ಟಿ. ಆ ಕೆಂಪು ಸತ್ತು ಕಾಫಿ ಕಷಾಯದ ಬಣ್ಣವಾಗಿತ್ತು. ಅಗ್ಗದ ಬಿಳಿ ಎಲ್‌ಇಡಿ ಎಂದರೆ ನೀಲಿ ದೀಪದ ಮೇಲೆ ಹಳದಿ ಪುಡಿಯ ಲೇಪ. ಗಾಢ ಕೆಂಪು ಅದರಲ್ಲಿ ಹುಟ್ಟುವುದೇ ಕಡಿಮೆ. ದೀಪದಲ್ಲಿ ಇಲ್ಲದ ಬಣ್ಣವನ್ನು ಗಿಟಾರ್ ಎಲ್ಲಿಂದ ತಂದುಕೊಡಬೇಕು? ಕೊಳ್ಳುವವರು ಪೆಟ್ಟಿಗೆಯ ಮೇಲೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95ರ ಮೇಲಿದೆಯೇ ನೋಡಿ, ನಾನು ಆಮೇಲೆ ನೋಡಿದೆ. ಬೀಟೆಯ ಹಿಂಬದಿಯೂ ಈ ದೀಪದಲ್ಲಿ ಚಾಕೊಲೇಟಿನ ಹಾಗೆ ಮಂಕಾಯಿತು.

ಇನ್ನು ಜಗಲಿ. ಮೇಲೆ ಮಾಡು ಇರುವುದರಿಂದ ನೆತ್ತಿಯ ಬೆಳಕಿಲ್ಲ. ಅಂಗಳದ ಕಡೆಯಿಂದ ಮಾತ್ರ, ಅಡ್ಡಲಾಗಿ, ಮೆತ್ತಗೆ ಬರುತ್ತದೆ. ಮೊದಲ ದಿನ ಗಿಟಾರನ್ನು ಅಂಗಳಕ್ಕೆ ಮುಖ ಮಾಡಿ ನಿಲ್ಲಿಸಿ, ಒಂಬತ್ತು ಅಡಿಯ ಲೆಕ್ಕಕ್ಕೆ ನಾನು ಅಂಗಳಕ್ಕೆ ಇಳಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಟ್ರೈಪಾಡಿನ ಹಿಡಿ. ಮಾಡಿನ ಅಂಚಿನಿಂದ ಸುರಿಯುವ ನೀರು ಕ್ಯಾಮೆರಾಕ್ಕೂ ಗಿಟಾರಿಗೂ ನಡುವೆ ಪರದೆ ಕಟ್ಟಿತ್ತು. ಅಮ್ಮ ಬಾಗಿಲಲ್ಲಿ ನಿಂತು, "ನಿನ್ನ ಮದುವೆಗೆ ಬಂದ ಫೋಟೋದವನೂ ಇಷ್ಟು ಹೊತ್ತು ತಗೊಂಡಿರ್ಲಿಲ್ಲ ಮಾರಾಯ" ಎಂದರು. ಇಷ್ಟೆಲ್ಲ ಆಗಿ ಫೋಟೋದಲ್ಲಿ ಬಂದದ್ದು ಏನು? ಅಂಗಳದ ಎರಡು ತೆಂಗು ಮತ್ತು ಬಟ್ಟೆ ಒಣಗಿಸುವ ಹಗ್ಗ, ಪಾಲಿಶಿನೊಳಗೆ ತಲೆಕೆಳಗಾಗದೆ ಸ್ಪಷ್ಟವಾಗಿ.

ಮರುದಿನ ಹೊಳೆಯಿತು. ಗಿಟಾರನ್ನು ಅಂಗಳಕ್ಕಲ್ಲ, ಜಗಲಿಯ ಉದ್ದಕ್ಕೆ ಮುಖ ಮಾಡಿ ಒಂದು ತುದಿಯಲ್ಲಿ ನಿಲ್ಲಿಸಿದೆ, ಕ್ಯಾಮೆರಾ ಇನ್ನೊಂದು ತುದಿಯ ಕಡೆಗೆ. ಜಗಲಿ ಹದಿನೆಂಟು ಅಡಿ, ಜಾಗಕ್ಕೆ ಬರವಿಲ್ಲ. ಬೆಳಕು ಎಡಗಡೆಯಿಂದ, ಬಲಕ್ಕೆ ಸುಣ್ಣದ ಗೋಡೆ ಅದರಲ್ಲಿ ಸ್ವಲ್ಪವನ್ನು ಹಿಂದಕ್ಕೆ ಕೊಡುತ್ತದೆ. ಕ್ಯಾಮೆರಾದ ಸೆಟ್ಟಿಂಗ್ ಐಎಸ್‌ಒ 100, ಎಫ್8, ಕಾಲು ಸೆಕೆಂಡು, ಎರಡು ಸೆಕೆಂಡಿನ ಟೈಮರ್. ಬೀಟೆಯಲ್ಲಿ ನೇರಳೆ ಛಾಯೆ ಇದೆ ಎಂದು ನಾನು ಮೊದಲ ಸಲ ನೋಡಿದ್ದು ಅಲ್ಲೇ. ನಮ್ಮ ಘಟ್ಟದ ಮೇಲಿನ ಕಾಡಿನ ಮರ ಅದು. ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರಲ್ಲಿ ಬ್ರೆಜಿಲಿನ ರೋಸ್‌ವುಡ್ಡಿನಿಂದ ಭಾರತದ ಬೀಟೆಗೆ ಬದಲಾಯಿತು. 2017ರಲ್ಲಿ, ಅಳಿವಿನ ಭಯವಿರುವ ಸಸ್ಯ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಪಟ್ಟಿಗೆ ಬೀಟೆಯ ಇಡೀ ಕುಲವೇ ಸೇರಿ ಮಾರಾಟದ ಗಿಟಾರುಗಳು ಗಡಿ ದಾಟಲು ಕಾಗದಪತ್ರ ಬೇಕಾಯಿತು, 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಂಥ ಮರವನ್ನು ಹಿಂಬದಿಗೆ ಹಾಕಿ, ಬಾರಿಸುವವನ ಹೊಟ್ಟೆಗೆ ಒತ್ತಿ ಹಿಡಿಯುವಂತೆ ಮಾಡಿದ್ದಾರೆ, ಯಾರಿಗೂ ಕಾಣದ ಹಾಗೆ! ಅದಕ್ಕೇ ಆ ಗಿಟಾರಿನ ಹಿಂಬದಿಯದೇ ಹನ್ನೊಂದು ಫೋಟೋ ಇದೆ, ಮುಂದಿನದು ಎರಡು.

ಜಗಲಿಗೂ ಒಂದು ಊನವಿದೆ, ನೆಲದ್ದು. ಕೆಂಪು ರೆಡ್ ಆಕ್ಸೈಡ್ ನೆಲ. ಎಫ್310ರ ಕೆಳಭಾಗಕ್ಕೆ ಗುಲಾಬಿ ಛಾಯೆ ಏರಿತ್ತು, ನಾಚಿಕೊಂಡ ಹಾಗೆ. ಕಂಪ್ಯೂಟರಿನಲ್ಲಿ ಬಿಳಿ ಸರಿಪಡಿಸಲು ಹೋದರೆ ಮೇಲ್ಭಾಗ ನೀಲಿಗಟ್ಟುತ್ತದೆ. ಕೊನೆಗೆ ಕಾಲ ಬುಡದಲ್ಲಿ ಒಂದು ಬಿಳಿ ಪಂಚೆ ಹಾಸಿದೆ, ಸರಿಹೋಯಿತು. ಅದೇ ಪಂಚೆಯನ್ನು ಎಡಕ್ಕೆ ಹಗ್ಗದಲ್ಲಿ ತೂಗುಹಾಕಿದಾಗ ಲೆಸ್ ಪಾಲ್ ಕೂಡ ದಾರಿಗೆ ಬಂತು. ಕಪ್ಪಿಗೆ ತನ್ನದೆಂಬ ಬಣ್ಣವಿಲ್ಲ, ಅದರಲ್ಲಿ ಬೀಳುವುದನ್ನೇ ತೋರಿಸಬೇಕು. ತೆಂಗಿನ ಬದಲು ಪಂಚೆ ಬಿತ್ತು, ಉಬ್ಬಿನ ಅಂಚಿನುದ್ದಕ್ಕೂ ಬೆಳ್ಳಿ ಗೆರೆಯೊಂದು ಎಳೆದ ಹಾಗೆ ಬಂತು. ನನ್ನಲ್ಲಿರುವ ಫೋಟೋಗಳಲ್ಲೇ ಚಂದದ್ದು ಅದು.

ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಳಪು ಮಾಯ ಎಂದು ಓದಿ ಕೊಂಡಿದ್ದೆ. ಗಿಟಾರನ್ನು ಸಾಕಷ್ಟು ಓರೆಯಾಗಿ ನೋಡುವಾಗ, 55 ಡಿಗ್ರಿ ಆಸುಪಾಸಿನಲ್ಲಿ, ನಿಜಕ್ಕೂ ಮಾಯ. ನೇರ ಎದುರಿನಿಂದ ತೆಗೆಯುವಾಗ ಏನೂ ಆಗುವುದಿಲ್ಲ. ಕ್ರೋಮ್ ಪಿಕಪ್‌ಗಳ ಮೇಲಂತೂ ಯಾವ ಕೋನದಲ್ಲೂ ಇಲ್ಲ, ಲೋಹಕ್ಕೆ ಅದು ಅನ್ವಯಿಸುವುದಿಲ್ಲ. ನಾನು ತೆಗೆಯುವುದು ಹೆಚ್ಚಾಗಿ ನೇರ ಎದುರಿನಿಂದಲೇ. ಆ ಫಿಲ್ಟರಿನ ದುಡ್ಡಿಗೆ ಎರಡು ಸೆಟ್ ತಂತಿ ಬರುತ್ತಿತ್ತು.

ಟಾರ್ಚಿನ ಆಟ ಮಗಳದ್ದು. ರಾತ್ರಿ ಎಲ್ಲ ದೀಪ ಆರಿಸಿ, ಕ್ಯಾಮೆರಾವನ್ನು ಇಪ್ಪತ್ತು ಸೆಕೆಂಡು ತೆರೆದಿಟ್ಟು, ಅವಳು ಟಾರ್ಚನ್ನು ಗಿಟಾರಿನ ಅಂಚಿನಲ್ಲೇ ಸವರಿಕೊಂಡು ಹೋಗುವುದು. ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರುವುದಿಲ್ಲ. ಚಂದದ ಲೆಕ್ಕದಲ್ಲಿ ಕೊನೆಯ ಸ್ಥಾನ: ಬೆಳಕು ಓರೆಯಾಗಿ ಬೀಳುವುದರಿಂದ ಪ್ರತಿ ಗೀರು, ಪ್ರತಿ ಬೆರಳ ಗುರುತು, ತಂತಿ ಮೀಟುವ ಪಿಕ್ ತಾಗಿ ಸವೆದ ಜಾಗ, ಎಲ್ಲ ಎದ್ದು ನಿಲ್ಲುತ್ತದೆ. ಪಕ್ಕದ ಮನೆಯವರು ಆ ಫೋಟೋ ನೋಡಿ, "ತೆಂಗಿನೆಣ್ಣೆ ಹಾಕಿ ಉಜ್ಜಿ, ಫಳಫಳ ಆಗ್ತದೆ" ಎಂದು ಸಲಹೆ ಕೊಟ್ಟರು. ದಯವಿಟ್ಟು ಹಾಗೆ ಮಾಡಬೇಡಿ, ಜಿಡ್ಡು ಕಟ್ಟಿ ಧೂಳು ಹಿಡಿಯುತ್ತದೆ. ಒಣ ಮೆತ್ತನೆ ಬಟ್ಟೆ ಸಾಕು.

ಆದರೆ ಚಿಕ್ಕಪ್ಪನ ಗಿಟಾರ್ ಇವತ್ತು ಬಾರಿಸುವ ಸ್ಥಿತಿಯಲ್ಲಿದ್ದರೆ ಅದಕ್ಕೆ ಕಾರಣ ಆ ಟಾರ್ಚು. ಜೂನಿನಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಅದೇ ಓರೆ ಬೆಳಕಲ್ಲಿ ಬ್ರಿಡ್ಜಿನ ಹತ್ತಿರದ ಫೋಟೋ ತೆಗೆದಿದ್ದೆವು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಸೆಪ್ಟೆಂಬರಿನದರಲ್ಲಿ ಬ್ರಿಡ್ಜಿನ ಹಿಂದಿನ ಅಂಚಿನ ಕೆಳಗೆ ದಾರದಷ್ಟು ಸಪೂರದ ಕಪ್ಪು ಗೆರೆ. ಜಗಲಿಯ ಚಂದದ ಫೋಟೋದಲ್ಲಿ ಅದರ ಸುಳಿವೇ ಇರಲಿಲ್ಲ, ಮೆತ್ತನೆಯ ಬೆಳಕು ಎಲ್ಲವನ್ನೂ ಕ್ಷಮಿಸಿಬಿಟ್ಟಿತ್ತು. ಬಸ್ ಟಿಕೇಟನ್ನು ತೂರಿಸಿ ನೋಡಿದೆ, ಒಳಗೆ ಹೋಯಿತು. ತೇವಕ್ಕೆ ಅಂಟು ಬಿಟ್ಟಿತ್ತು. ಉಕ್ಕಿನ ಆರು ತಂತಿ ಶ್ರುತಿಯಲ್ಲಿದ್ದಾಗ ಬ್ರಿಡ್ಜನ್ನು ಸುಮಾರು 70 ಕಿಲೋ ಬಲದಲ್ಲಿ ಎಳೆಯುತ್ತಿರುತ್ತವೆ. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಬ್ರಿಡ್ಜು ಮರದ ಸಿಪ್ಪೆಯನ್ನೂ ಕಿತ್ತುಕೊಂಡು ಬರುತ್ತಿತ್ತು. ಆ ರಾತ್ರಿಯೇ ತಂತಿ ಸಡಿಲಿಸಿ, ಮರುದಿನ ರಿಪೇರಿಗೆ ಕೊಟ್ಟೆ.

ಗೋಡೆಗೆ ತೂಗುಹಾಕುವುದೋ ಪೆಟ್ಟಿಗೆಯಲ್ಲಿಡುವುದೋ ಎಂಬುದನ್ನೂ ಈ ಹೊತ್ತಲ್ಲೇ ಪರೀಕ್ಷೆ ಮಾಡಿದೆ. ಪೆಟ್ಟಿಗೆಯಲ್ಲಿಟ್ಟ ಸ್ಟ್ರಾಟೋಕ್ಯಾಸ್ಟರಿನ ಹೆಗಲ ಪಟ್ಟಿಗೆ ಆಗಸ್ಟಿನಲ್ಲಿ ಬೂಷ್ಟು ಬಂದಿತ್ತು, ಗೋಡೆಯಲ್ಲಿದ್ದವಕ್ಕೆ ಬಂದಿರಲಿಲ್ಲ. ಹೊರಗೋಡೆ ಮಾತ್ರ ಬೇಡ, ಅದು ಮಳೆ ಕುಡಿದು ತಣ್ಣಗಿರುತ್ತದೆ. ಈಗ ನಾಲ್ಕು ಗಿಟಾರ್ ಒಳಗೋಡೆಯಲ್ಲಿವೆ. ಚಿಕ್ಕಪ್ಪನದು ಮರದ ಕಪಾಟಿನಲ್ಲಿ, ಕೆಳಗಡೆ ಒಂದು ಝೀರೋ ಬಲ್ಬ್ ಉರಿಸಿಟ್ಟು. ಮೊದಲು ಅಲ್ಲಿ ಅಮ್ಮನ ರೇಷ್ಮೆ ಸೀರೆಗಳಿದ್ದವು. ಮೀಟರು 62 ತೋರಿಸುತ್ತದೆ.

ಈ ವರ್ಷ ಜೂನಿನ ಮೊದಲ ವಾರ ಮತ್ತೆ ಲೈಟ್ ಆರಿಸಿ ಕೂತೆವು. ಟಿಕೇಟು ಬ್ರಿಡ್ಜಿನ ಕೆಳಗೆ ಹೋಗಲಿಲ್ಲ. ಫೋಟೋದಲ್ಲಿ ಹೊಸ ಅಂಟು ಒರೆಸಿದ ಮಾಸಲು ಗುರುತೊಂದಿದೆ, ಮೂಲೆಯಲ್ಲಿ ಟಾರ್ಚ್ ಹಿಡಿದ ಮಗಳ ಹೆಬ್ಬೆರಳು, ಬೆಳಕು ತಾಗಿ ಕೆಂಪಗೆ. ಅದನ್ನು ಕ್ರಾಪ್ ಮಾಡಿಲ್ಲ.