ಏರ್ ಪಿಸ್ತೂಲ್: ಲಿವರ್ ಬೇಕಾ, ಸಿಲಿಂಡರ್ ಬೇಕಾ?

ಕಾಸರಗೋಡಿನ ಗೆಳೆಯರೊಬ್ಬರು ಮಗಳ 10 ಮೀಟರ್ ಶೂಟಿಂಗ್‌ಗೆ ಯಾವ ಪಿಸ್ತೂಲ್ ತೆಗೆದುಕೊಳ್ಳಲಿ ಎಂದು ಕೇಳಿದ್ದರು. ಲಿವರ್‌ನದರಲ್ಲಿ ಪ್ರತಿ ಗುಂಡಿಗೂ ಕೈಯಿಂದ ಲಿವರ್ ಎಳೆದು ಗಾಳಿ ಒತ್ತಬೇಕು; ಸಿಲಿಂಡರ್‌ನದರಲ್ಲಿ ಮೊದಲೇ ತುಂಬಿಸಿಟ್ಟ ಗಾಳಿಯೇ ಗುಂಡು ಹಾರಿಸುತ್ತೆ. ಎರಡರ ಗುಂಡಿನ ಅಳತೆಯೂ 4.5 ಎಂಎಂ, ಎರಡಕ್ಕೂ ಚಪ್ಪಟೆ ಮೂತಿಯ ಪೆಲೆಟ್ (ಪುಟ್ಟ ಗುಂಡು) ಸಾಕು. ಹಾಗಾಗಿ ಗುಂಡಿನ ಖರ್ಚಲ್ಲಿ ವ್ಯತ್ಯಾಸ ಇಲ್ಲ.

ಬೆಲೆಯಲ್ಲಿ ಲಿವರ್‌ನದೇ ಸಾಮಾನ್ಯವಾಗಿ ಕಡಿಮೆ. ಗಾಳಿ ತುಂಬಲು ಪಂಪ್, ಟ್ಯಾಂಕ್ ಯಾವುದೂ ಬೇಡ.

ಆದರೆ ಸುಸ್ತಿನ ವಿಷಯ ನಿಜಕ್ಕೂ ದೊಡ್ಡದು. ಸ್ಪರ್ಧೆಯಲ್ಲಿ 75 ನಿಮಿಷಕ್ಕೆ 60 ಗುಂಡು. ಪ್ರತಿ ಸಲ ಲಿವರ್ ಎಳೆಯಬೇಕು. ಸಣ್ಣ ಕೈಗೆ ಕೊನೆಯ ಸುತ್ತಿನ ಹೊತ್ತಿಗೆ ನಡುಕ ಬಂದರೆ ಗುರಿ ಎಲ್ಲಿ ನಿಲ್ಲುತ್ತೆ, ಅಲ್ವಾ? ಸಿಲಿಂಡರ್‌ನಲ್ಲಿ ಈ ಕಷ್ಟ ಇಲ್ಲ.

ನಿರ್ವಹಣೆಗೆ ಬಂದರೆ ನಮ್ಮ ಕರಾವಳಿಯ ತೇವವೇ ಶತ್ರು. ಸಿಲಿಂಡರ್‌ಗೆ ಕೈಪಂಪಿನಿಂದ ಗಾಳಿ ತುಂಬಿದರೆ ತೇವ ಒಳಗೆ ಸೇರಿ ವಾಲ್ವ್ ಹಾಳಾಗಬಹುದು. ಒಣಗಾಳಿ ತುಂಬಿಸುವ ಜಾಗ ಹತ್ತಿರ ಇದೆಯಾ, ಮೊದಲು ವಿಚಾರಿಸಿ. ಸಿಲಿಂಡರ್ ಮೇಲಿನ ದಿನಾಂಕವನ್ನೂ ನೋಡಿ. ಅವಧಿ ಸಾಮಾನ್ಯವಾಗಿ 10 ವರ್ಷ. ಅದು ಮುಗಿದರೆ ಸ್ಪರ್ಧೆಗೂ ನಡೆಯಲ್ಲ, ಗಾಳಿ ತುಂಬಿ ಬಳಸುವುದೂ ಅಪಾಯ. ಲಿವರ್‌ನದಕ್ಕೆ ಸೀಲ್ ಸವೆದಾಗ ಬದಲಿಸಿದರೆ ಆಯ್ತು. ಮಳೆಗಾಲದಲ್ಲಿ ಎರಡನ್ನೂ ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡಿ.

ಮನೆಯಲ್ಲೇ ಅಭ್ಯಾಸ, ತೋಳಲ್ಲಿ ಬಲ ಇದೆ ಅಂದರೆ ಲಿವರ್. ಮಕ್ಕಳು, ಅಥವಾ ಜಾಸ್ತಿ ಸ್ಪರ್ಧೆಗೆ ಹೋಗುವವರು, ಗಾಳಿ ತುಂಬಿಸುವ ಅನುಕೂಲ ಇದ್ದರೆ ಸಿಲಿಂಡರ್.