ಕುಸನಾಗಿಯೋ ಅಲಿಟಾಳೋ: ಎರಡು ಸೈಬಾರ್ಗ್ ಮಾಂಗಾಗಳ ಮುಖಾಮುಖಿ

ಸೈಬಾರ್ಗ್‌ಗಳ, ಅಂದರೆ ಅರ್ಧ ಮನುಷ್ಯ ಅರ್ಧ ಯಂತ್ರವಾದವರ ಬಗ್ಗೆ ಒಳ್ಳೆಯ ಮಾಂಗಾ (ಜಪಾನಿನ ಚಿತ್ರಕಥೆ) ಯಾವುದೆಂದು ಕೇಳಿದರೆ ಬಲ್ಲವರು ಕಣ್ಣು ಮುಚ್ಚಿಕೊಂಡು ಹೇಳುವ ಹೆಸರು ‘ಘೋಸ್ಟ್ ಇನ್ ದ ಶೆಲ್’. ಕೇಳಿದವರು ಭಕ್ತಿಯಿಂದ ಪುಸ್ತಕ ತರಿಸಿಕೊಳ್ಳುತ್ತಾರೆ, ಎರಡು ಅಧ್ಯಾಯ ದಾಟುವಷ್ಟರಲ್ಲಿ ಸುಸ್ತಾಗಿ ಕೆಳಗಿಡುತ್ತಾರೆ, ಆಮೇಲೆ ‘ಅದ್ಭುತ ಕೃತಿ’ ಎಂದು ತಾವೂ ಹೇಳತೊಡಗುತ್ತಾರೆ. ನನ್ನ ಶಿಫಾರಸು ಬೇರೆ. ಮೊದಲು ಯುಕಿಟೊ ಕಿಶಿರೊ ಅವರ ‘ಬ್ಯಾಟಲ್ ಏಂಜಲ್ ಅಲಿಟಾ’ ಓದಿ. ಶಿರೋ ಮಸಮುನೆ ಅವರ ‘ಘೋಸ್ಟ್ ಇನ್ ದ ಶೆಲ್’ ಆಮೇಲೆ ಬರಲಿ. ಎರಡನ್ನೂ ಒಂದರ ಬೆನ್ನಿಗೆ ಒಂದು ಓದಿದ ಮೇಲೆ ಹೇಳುತ್ತಿರುವ ಮಾತು ಇದು. ಶಿರೋ ಅಭಿಮಾನಿಗಳು ಮುನಿಸಿಕೊಂಡರೆ ನನ್ನ ತಕರಾರಿಲ್ಲ.

ಎರಡೂ ಹೆಚ್ಚುಕಡಿಮೆ ಒಂದೇ ಕಾಲದ ಕೂಸುಗಳು. ಶಿರೋ ಅವರ ಮಾಂಗಾ ಕೊಡಾನ್ಶಾ ಪ್ರಕಾಶನದ ಪತ್ರಿಕೆಯಲ್ಲಿ 1989ರಲ್ಲಿ ಶುರುವಾಗಿ 1991ರಲ್ಲಿ ಪುಸ್ತಕವಾಯಿತು. ಕಿಶಿರೊ ಅವರದ್ದು ಶುಯೇಶಾದ ‘ಬಿಸಿನೆಸ್ ಜಂಪ್’ ಪತ್ರಿಕೆಯಲ್ಲಿ 1990ರಿಂದ 1995ರವರೆಗೆ ನಡೆದು ಒಂಬತ್ತು ಸಂಪುಟಗಳಾಯಿತು. ಜಪಾನಿನಲ್ಲಿ ಅದರ ಹೆಸರು ‘ಗನ್ಮು’, ನಾಯಕಿಯ ಹೆಸರು ಗ್ಯಾಲಿ. ನಾವು ಓದುವುದು ಇಂಗ್ಲಿಷಿನಲ್ಲಿ, ಹಾಗಾಗಿ ಇಲ್ಲಿ ಅಲಿಟಾ ಎಂದೇ ಕರೆಯುತ್ತೇನೆ.

ಶಿರೋ ಅವರ ಕಥೆ ನಡೆಯುವುದು 2029ರ ಸುಮಾರಿನ ಜಪಾನಿನಲ್ಲಿ. ಮಿದುಳನ್ನು ನೇರವಾಗಿ ಕಂಪ್ಯೂಟರ್ ಜಾಲಕ್ಕೆ ಜೋಡಿಸಿಕೊಳ್ಳುವುದು ಅಲ್ಲಿ ಮಾಮೂಲು. ಸರ್ಕಾರದ ‘ಸೆಕ್ಷನ್ 9’ ಎಂಬ ಗುಪ್ತ ದಳದ ಮೇಜರ್ ಮೊಟೊಕೊ ಕುಸನಾಗಿಗೆ ಮಿದುಳೊಂದನ್ನು ಬಿಟ್ಟರೆ ಉಳಿದ ಮೈಯೆಲ್ಲ ಕೃತಕ. ಜೊತೆಗೆ ಭೀಮಕಾಯದ ಬಾತೋ, ಬಹುಮಟ್ಟಿಗೆ ಹುಟ್ಟಿದ ಮೈಯಲ್ಲೇ ಉಳಿದಿರುವ ಸಂಸಾರಸ್ಥ ತೊಗುಸಾ, ಮುದುಕ ಮುಖ್ಯಸ್ಥ ಅರಮಕಿ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಪ್ರಕರಣ; ಮಂತ್ರಿ, ರಾಯಭಾರಿ, ಭಯೋತ್ಪಾದಕ, ಕಂಪನಿ ಎಲ್ಲರೂ ಬಂದು ಹೋಗುತ್ತಾರೆ. ಯಾರು ಯಾರ ಪರ ಎಂದು ತಿಳಿಯಲು ಪುಟ ಹಿಂದಕ್ಕೆ ತಿರುಗಿಸಲೇಬೇಕು. ಅದು ಸಾಲದೆಂಬಂತೆ ಚೌಕಟ್ಟುಗಳ ಅಂಚಿನಲ್ಲಿ ಲೇಖಕರ ಟಿಪ್ಪಣಿಗಳು: ಈ ಬಂದೂಕು ಹೇಗೆ ಕೆಲಸ ಮಾಡುತ್ತದೆ, ಮಿದುಳಿನ ಜೋಡಣೆ ಹೇಗೆ, ನಾನು ಈ ಯಂತ್ರವನ್ನು ಹೀಗೇಕೆ ಬರೆದೆ. ಕಥೆ ಹೇಳುತ್ತ ಹೇಳುತ್ತ ಪಕ್ಕದವನ ಕಿವಿಯಲ್ಲಿ ಇನ್ನೊಂದು ಕಥೆ ಹೇಳುವ ಹರಿದಾಸರ ಹಾಗೆ ಇವರು. ಮೊದಲ ಓದಿನಲ್ಲಿ ಟಿಪ್ಪಣಿಗಳನ್ನು ಪೂರ್ತಿ ಬಿಟ್ಟುಬಿಡಿ. ಎರಡನೆಯ ಓದಿನಲ್ಲಿ ಅವೇ ಹೆಚ್ಚು ರುಚಿಸುತ್ತವೆ.

ಮೊಬೈಲಿನಲ್ಲಂತೂ ಈ ಪುಸ್ತಕವನ್ನು ಓದುವ ಸಾಹಸ ಬೇಡ. ಟಿಪ್ಪಣಿಯ ಅಕ್ಷರ ಸಾಸಿವೆಯಷ್ಟಾಗುತ್ತದೆ, ಹಿಗ್ಗಿಸಿದರೆ ಚಿತ್ರ ತುಂಡಾಗುತ್ತದೆ. ಅಲಿಟಾ ಮೊಬೈಲಿನಲ್ಲೂ ಓದಿಸಿಕೊಂಡು ಹೋಗುತ್ತದೆ, ಏಕೆಂದರೆ ಕಿಶಿರೊ ದೊಡ್ಡ ಚೌಕಟ್ಟು, ಕಡಿಮೆ ಮಾತು ನೆಚ್ಚಿಕೊಂಡವರು. ಆದರೂ ಎರಡು ಪುಟಕ್ಕೆ ಹರಡಿಕೊಂಡ ಕಾಳಗದ ಚಿತ್ರಗಳಿಗೆ ಕಾಗದವೇ ಬೇಕು. ಹಳೆಯ ಇಂಗ್ಲಿಷ್ ಮುದ್ರಣಗಳಲ್ಲಿ ಓದುಗರ ಅನುಕೂಲಕ್ಕೆಂದು ಪುಟಗಳನ್ನು ಕನ್ನಡಿಯಂತೆ ತಿರುಗಿಸಿ ಎಡದಿಂದ ಬಲಕ್ಕೆ ಮಾಡಿದ್ದರು. ಬಲಗೈ ಬಂಟರೆಲ್ಲ ಎಡಚರಾಗಿದ್ದರು. 2017ರಿಂದ ಬಂದ ದಪ್ಪ ರಟ್ಟಿನ ಮರುಮುದ್ರಣಗಳು ಜಪಾನಿನ ಕ್ರಮದಲ್ಲೇ ಬಲದಿಂದ ಎಡಕ್ಕೆ ಇವೆ. ಅಭ್ಯಾಸವಿಲ್ಲದವರಿಗೂ ಒಂದು ಅಧ್ಯಾಯದಲ್ಲಿ ಕಣ್ಣು ಪಳಗುತ್ತದೆ.

ಈಗ ಅಲಿಟಾಳ ಲೋಕ. ಆಕಾಶದಲ್ಲಿ ತೂಗುವ ಜಲೇಮ್ ಎಂಬ ನಗರ. ಅದು ಕೆಳಕ್ಕೆ ಸುರಿಯುವ ಕಸದ ಗುಡ್ಡದ ಸುತ್ತ ನೆಲದ ಮೇಲೆ ಒಂದು ಗುಜರಿ ಊರು ಬೆಳೆದಿದೆ. ಕೆಳಗಿನವರು ದುಡಿದದ್ದು ಕೊಳವೆಗಳಲ್ಲಿ ಮೇಲಕ್ಕೆ ಹೋಗುತ್ತದೆ, ಮೇಲಿನಿಂದ ಬರುವುದು ಕಸ ಮಾತ್ರ. ಇಡೊ ಎಂಬ ಸೈಬಾರ್ಗ್ ವೈದ್ಯ ಆ ಗುಡ್ಡದಲ್ಲಿ ಬಿಡಿಭಾಗ ಹುಡುಕುತ್ತಿರುವಾಗ ಹುಡುಗಿಯೊಬ್ಬಳ ತಲೆ ಮತ್ತು ಎದೆಯ ಭಾಗ ಸಿಗುತ್ತದೆ. ಮಿದುಳು ಇನ್ನೂ ಜೀವಂತ. ಅವನು ಅವಳಿಗೆ ಮೈ ಕಟ್ಟಿಕೊಡುತ್ತಾನೆ, ತನ್ನ ಸತ್ತ ಬೆಕ್ಕಿನ ಹೆಸರಿಡುತ್ತಾನೆ. ಅವಳಿಗೆ ಹಿಂದಿನದೇನೂ ನೆನಪಿಲ್ಲ. ಆದರೆ ಇಡೊನ ಜೀವಕ್ಕೆ ಅಪಾಯ ಬಂದ ಕ್ಷಣದಲ್ಲಿ ಅವಳು ‘ಪಾಂಜರ್ ಕುನ್ಸ್ಟ್’ ಎಂಬ ಮಂಗಳ ಗ್ರಹದ ಯುದ್ಧವಿದ್ಯೆಯನ್ನು ಯಾರೂ ಹೇಳಿಕೊಡದೆ ಬಳಸುತ್ತಾಳೆ. ಹೆಸರು ಹೋಗಿದೆ, ಊರು ಹೋಗಿದೆ, ಮೈ ಹೋಗಿದೆ, ವಿದ್ಯೆ ಉಳಿದಿದೆ.

ಕನ್ನಡದ ಓದುಗರಿಗೆ ಇಲ್ಲಿ ಕಾರ್ನಾಡರ ‘ಹಯವದನ’ ನೆನಪಾಗದೆ ಇರದು. ಪದ್ಮಿನಿ ತನ್ನ ಗಂಡ ದೇವದತ್ತ, ಅವನ ಗೆಳೆಯ ಕಪಿಲ ಇಬ್ಬರ ತಲೆಗಳನ್ನು ಅದಲುಬದಲು ಜೋಡಿಸಿದ ಮೇಲೆ ಗಂಡ ಯಾರೆಂಬ ಪ್ರಶ್ನೆಗೆ ಉತ್ತಮಾಂಗವಾದ ತಲೆಯೇ ಪ್ರಮಾಣ ಎಂಬ ಉತ್ತರ ಬರುತ್ತದೆ. ಆದರೆ ಕಪಿಲನ ತಲೆಗೆ ಸೇರಿದ ದೇವದತ್ತನ ಮೈ ತನ್ನ ನೆನಪುಗಳನ್ನು ಬಿಟ್ಟುಕೊಡುವುದಿಲ್ಲ. ತಲೆ ಕಾಣದ ಸ್ಪರ್ಶಗಳನ್ನು ಚರ್ಮ ನೆನಪಿಟ್ಟುಕೊಂಡು ಅವನನ್ನು ಕಾಡುತ್ತದೆ. ಕಿಶಿರೊ ಅವರಲ್ಲಿ ಆಟ ತಿರುಗುಮುರುಗು. ಮೈ ಎಷ್ಟು ಸಲ ಬದಲಾದರೂ ಅಲಿಟಾ ಅಲಿಟಾಳೇ, ಏಕೆಂದರೆ ಮಿದುಳು ಅವಳದ್ದು. ಓದುಗರು ಈ ತೀರ್ಮಾನಕ್ಕೆ ಒಗ್ಗಿಕೊಂಡು ನೆಮ್ಮದಿಯಾಗಿರುವಾಗ ಕಿಶಿರೊ ಹೊಡೆತ ಕೊಡುತ್ತಾರೆ. ಇದನ್ನು ಓದದೆ ತಿಳಿಯಬಾರದು ಎನ್ನುವವರು ಮುಂದಿನ ಪ್ಯಾರಾ ದಾಟಿ ಹೋಗಬಹುದು.

ಗುಜರಿ ಊರಿನವರು ಉಕ್ಕಿನ ಮೈಯೊಳಗೆ ಮನುಷ್ಯರ ಮಿದುಳು ಇಟ್ಟುಕೊಂಡವರು. ಮೇಲಿನ ಜಲೇಮಿನವರು ಕಲೆಯಿಲ್ಲದ ರಕ್ತಮಾಂಸದ ಮೈಯವರು, ಕೆಳಗಿನವರನ್ನು ಕಂಡರೆ ಅಸಹ್ಯ ಪಡುವವರು. ಅವರಿಗೆ ಪ್ರಾಯ ಬಂದಾಗ ಒಂದು ಸಂಸ್ಕಾರ ನಡೆಯುತ್ತದೆ. ಆಗ ಅವರ ಮಿದುಳು ತೆಗೆದು ಚಿಪ್ ಇಡುತ್ತಾರೆ. ಅದು ಅವರಿಗೇ ಗೊತ್ತಿಲ್ಲ. ಜಲೇಮಿನಿಂದ ಕೆಳಗೆ ಬಿದ್ದವನಾದ ಇಡೊಗೆ ಈ ಸತ್ಯ ತಿಳಿಯುತ್ತದೆ, ತಡೆದುಕೊಳ್ಳಲಾಗದೆ ತನ್ನ ನೆನಪನ್ನೇ ಅಳಿಸಿಕೊಳ್ಳುತ್ತಾನೆ. ಅದರ ಜೊತೆಗೆ ಅಲಿಟಾಳ ನೆನಪೂ ಹೋಗುತ್ತದೆ. ಅವಳನ್ನು ಕಸದಿಂದ ಎತ್ತಿ ತಂದು ಹೆಸರಿಟ್ಟ ಮನುಷ್ಯ ಎದುರಿಗೆ ನಿಂತು ‘ನೀವು ಯಾರು’ ಎಂಬಂತೆ ನೋಡುತ್ತಾನೆ. ‘ನಾನು ಯಾರು’ ಎಂಬುದನ್ನು ಇಷ್ಟು ನೋವಾಗುವಂತೆ ಕೇಳಿದ ಇನ್ನೊಂದು ಸೈಬಾರ್ಗ್ ಕಥೆಯನ್ನು ನಾನು ಓದಿಲ್ಲ. ಶಿರೋ ಅವರ ಪಾತ್ರಗಳು ಅಸ್ತಿತ್ವದ ಬಗ್ಗೆ ಮಾತನಾಡುತ್ತವೆ. ಇಲ್ಲಿ ಪಾತ್ರಗಳಿಗೆ ಅದು ಸಂಭವಿಸುತ್ತದೆ.

ಹ್ಯೂಗೊ ಎಂಬ ಹುಡುಗನ ಕಥೆಯನ್ನೂ ಹೇಳಲೇಬೇಕು. ಜಲೇಮಿಗೆ ಹೋಗುವ ಹುಚ್ಚು ಅವನಿಗೆ. ದುಡ್ಡಿಗಾಗಿ ಸೈಬಾರ್ಗ್‌ಗಳನ್ನು ಕೆಡವಿ ಅವರ ಬೆನ್ನುಹುರಿ ಕದ್ದು ಮಾರುತ್ತಾನೆ. ಅಲಿಟಾಗೆ ಅವನ ಮೇಲೆ ಪ್ರೀತಿ. ತಲೆಗೆ ಬಹುಮಾನ ಘೋಷಣೆಯಾಗಿ ಅವನು ಸಾಯುವ ಹಂತಕ್ಕೆ ಬಂದಾಗ ಅವಳು ಅವನ ತಲೆಯನ್ನು ತನ್ನದೇ ಜೀವಾಧಾರಕ್ಕೆ ಜೋಡಿಸಿಕೊಂಡು ಉಳಿಸುತ್ತಾಳೆ; ಇಡೊ ಅವನಿಗೂ ಯಂತ್ರದ ಮೈ ಕೊಡುತ್ತಾನೆ. ಎಚ್ಚರವಾದ ಹ್ಯೂಗೊಗೆ ತನ್ನ ಹೊಸ ಮೈ ಕಂಡು ಬುದ್ಧಿ ಕದಡುತ್ತದೆ. ಜಲೇಮಿನ ಕೊಳವೆಯನ್ನು ಹಿಡಿದು ಬರಿಗಾಲಲ್ಲಿ ಮೇಲಕ್ಕೆ ನಡೆದುಬಿಡುತ್ತಾನೆ. ಮೇಲಿನಿಂದ ಹಲ್ಲುಗಳಿರುವ ದೊಡ್ಡ ಉಂಗುರ ಉರುಳಿಕೊಂಡು ಬರುತ್ತದೆ. ಕೊನೆಯಲ್ಲಿ ಅಲಿಟಾ ಅವನ ಕೈ ಹಿಡಿದುಕೊಳ್ಳುತ್ತಾಳೆ. ಕೈ ಅವಳ ಹಿಡಿತದಲ್ಲೇ ಉಳಿದು ಭುಜದಿಂದ ಕಿತ್ತುಕೊಂಡು ಅವನು ಬೀಳುತ್ತಾನೆ. ಮಾಂಸದ ಕೈಯಾಗಿದ್ದರೆ ಹಾಗೆ ಕಳಚುತ್ತಿರಲಿಲ್ಲ. ಬದುಕಲೆಂದು ಕೊಟ್ಟ ಮೈ ಅವನನ್ನು ಉಳಿಸಿಕೊಳ್ಳಲು ಬರಲಿಲ್ಲ ಎಂಬುದನ್ನು ಕಿಶಿರೊ ಒಂದು ಸಾಲೂ ಬರೆಯದೆ ಚಿತ್ರದಲ್ಲೇ ಹೇಳುತ್ತಾರೆ.

ಶಿರೋ ಅವರನ್ನು ನಾನು ಕೀಳಾಗಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಕೆಲವು ಕಡೆ ಅವರ ಹತ್ತಿರ ಕಿಶಿರೊ ಸುಳಿಯಲಾರರು. ಕಸ ಸಾಗಿಸುವವನ ಪ್ರಕರಣ ಒಂದೇ ಸಾಕು. ಹೆಂಡತಿ ವಿಚ್ಛೇದನ ಕೇಳುತ್ತಿದ್ದಾಳೆ, ಮಗಳಿದ್ದಾಳೆ ಎಂದು ಅವನು ನಂಬಿದ್ದಾನೆ. ಅವನ ಮಿದುಳಿಗೆ ಯಾರೋ ಆ ನೆನಪುಗಳನ್ನು ತುಂಬಿ ತಮ್ಮ ಕೆಲಸಕ್ಕೆ ಬಳಸಿಕೊಂಡಿದ್ದಾರೆ. ಹೆಂಡತಿಯೂ ಇಲ್ಲ, ಮಗಳೂ ಇಲ್ಲ. ‘ಪಪೆಟಿಯರ್’ ಎಂಬ ಸೂತ್ರಧಾರ ಕೊನೆಗೆ ಮನುಷ್ಯನೇ ಅಲ್ಲ, ಜಾಲದಲ್ಲಿ ತಾನಾಗಿ ಎಚ್ಚೆತ್ತ ಪ್ರೋಗ್ರಾಂ. ತಾನೊಂದು ಜೀವಿ, ತನಗೆ ಆಶ್ರಯ ಕೊಡಿ ಎಂದು ಸರ್ಕಾರದ ಮುಂದೆ ವಾದಿಸುತ್ತದೆ: ಡಿಎನ್ಎ ಕೂಡ ತನ್ನನ್ನು ತಾನು ಉಳಿಸಿಕೊಳ್ಳುವ ಪ್ರೋಗ್ರಾಂ ತಾನೆ? ನಕಲು ಮಾಡಿಕೊಳ್ಳಬಲ್ಲೆ, ಆದರೆ ನಕಲಿನಲ್ಲಿ ವೈವಿಧ್ಯವಿಲ್ಲ, ಆದ್ದರಿಂದ ಕುಸನಾಗಿಯ ಜೊತೆ ಬೆರೆಯಬೇಕು, ಸಾಯುವುದನ್ನೂ ಕಲಿಯಬೇಕು ಎನ್ನುತ್ತದೆ. 1991ರ ಹೊತ್ತಿಗೆ ಪುಸ್ತಕವಾದ ಮಾತು ಇದು. ಇಂದು ಕೃತಕ ಬುದ್ಧಿಮತ್ತೆಯ ಬಗ್ಗೆ ದಿನವೂ ನಡೆಯುವ ಚರ್ಚೆಗಳು ಇದರ ಮುಂದೆ ಮಂಕು.

ಶಿರೋ ಅವರ ಹಾಸ್ಯವನ್ನು ಬಹಳ ಜನ ಮರೆಯುತ್ತಾರೆ, ಏಕೆಂದರೆ ಮಮೊರು ಓಶಿ ಅವರ 1995ರ ಸಿನಿಮಾವನ್ನು ಮೊದಲು ನೋಡಿರುತ್ತಾರೆ. ಅಲ್ಲಿನ ಕುಸನಾಗಿ ರೆಪ್ಪೆ ಮಿಟುಕಿಸದ ವಿಷಾದಮೂರ್ತಿ. ಕೆಂಜಿ ಕವಾಯಿ ಅವರ ಸಂಗೀತದಲ್ಲಿ ದೋಣಿಯಲ್ಲಿ ಸಾಗುತ್ತ ಗಾಜಿನಾಚೆ ತನ್ನದೇ ಮುಖದ ಇನ್ನೊಬ್ಬಳನ್ನು ಕಾಣುತ್ತಾಳೆ. ಕೆಲಸ ಬಿಟ್ಟರೆ ಮೈಯನ್ನು ಸರ್ಕಾರಕ್ಕೆ ವಾಪಸು ಕೊಡಬೇಕು ಎಂಬ ಮಾತೂ ಅಲ್ಲಿ ಬರುತ್ತದೆ, ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮಾಂಗಾದ ಕುಸನಾಗಿ ಮುಖ್ಯಸ್ಥನನ್ನು ಕೋತಿಮುಖದವನೆಂದು ಕರೆಯುವವಳು, ನಾಲಿಗೆ ಚಾಚುವವಳು, ಸಂಬಳಕ್ಕೆ ಗೊಣಗುವವಳು. ಫುಚಿಕೋಮಾ ಎಂಬ ಜೇಡದಂಥ ಯುದ್ಧಯಂತ್ರಗಳು ಮನುಷ್ಯರ ವಿರುದ್ಧ ದಂಗೆ ಏಳೋಣವೇ ಎಂದು ಮಕ್ಕಳ ಹಾಗೆ ತಮ್ಮತಮ್ಮಲ್ಲೇ ಚರ್ಚಿಸುವ ಭಾಗವನ್ನು ಓದುತ್ತ ನಗು ತಡೆಯಲಾಗಲಿಲ್ಲ. ಸಿನಿಮಾ ಹೆಚ್ಚು ಸುಂದರ, ಪುಸ್ತಕ ಹೆಚ್ಚು ಜೀವಂತ. ಕೊನೆಯನ್ನೇ ನೋಡಿ: ಸಿನಿಮಾದಲ್ಲಿ ಬೆರೆತ ಜೀವ ಪುಟ್ಟ ಹುಡುಗಿಯ ಮೈಯಲ್ಲಿ ಕಣ್ಣು ತೆರೆಯುತ್ತದೆ. ಮಾಂಗಾದಲ್ಲಿ ಬಾತೋ ಅವಸರಕ್ಕೆ ತಂದ ಮೈ ಗಂಡಸಿನದು. ನೋಡಲು ನಾಜೂಕಾಗಿತ್ತು, ಅವನು ಗಮನಿಸಿರಲಿಲ್ಲ. ನಾನಾರು, ನನ್ನ ಗಡಿ ಎಲ್ಲಿ ಎಂದು ಪುಟಗಟ್ಟಲೆ ನಡೆದ ವಾದ ಇಂಥ ತಮಾಷೆಯಲ್ಲಿ ಮುಗಿಯುವುದು ಶಿರೋ ಅವರಿಗೆ ಮಾತ್ರ ಸಾಧ್ಯ.

ಎರಡರ ಮೇಲೂ ಓದುಗರ ದೂರುಗಳಿವೆ. ಶಿರೋ ಹೆಂಗಸರ ಮೈಯನ್ನು ಅಗತ್ಯಕ್ಕಿಂತ ಹೆಚ್ಚು ಬಿಚ್ಚಿಡುತ್ತಾರೆ ಎನ್ನುವುದು ನಿಜ. ಮೈ ಎಂಬುದು ಅವರ ಲೋಕದಲ್ಲಿ ಬರಿಯ ಉಡುಪು ಎಂಬ ಸಮರ್ಥನೆ ಎಲ್ಲ ಪುಟಗಳಿಗೂ ಒಗ್ಗುವುದಿಲ್ಲ. ಮೊದಲ ಇಂಗ್ಲಿಷ್ ಮುದ್ರಣದಲ್ಲಿ ಅಂಥ ಕೆಲವು ಪುಟಗಳನ್ನು ತೆಗೆದೂ ಹಾಕಿದ್ದರು, ಅದರಿಂದ ಕಥೆಗೆ ಏನೂ ನಷ್ಟವಾಗಿರಲಿಲ್ಲ. ಅಲಿಟಾ ಮೇಲಿನ ದೂರು ಹೊಡೆದಾಟ ಅತಿಯಾಯಿತು ಎಂಬುದು. ವಿಶೇಷವಾಗಿ ಹ್ಯೂಗೊನ ನಂತರ ಬರುವ ‘ಮೋಟರ್‌ಬಾಲ್’ ಭಾಗ, ಸೈಬಾರ್ಗ್‌ಗಳು ಚಕ್ರದ ಕಾಲಿನಲ್ಲಿ ಚೆಂಡಿಗಾಗಿ ಕಚ್ಚಾಡುವ ಪಂದ್ಯ. ಈ ದೂರನ್ನು ನಾನು ಒಪ್ಪುವುದಿಲ್ಲ. ದುಃಖವನ್ನು ಮೈದಣಿವಿನಲ್ಲಿ ಮುಳುಗಿಸಲು ಹೊರಟವಳ ಕಥೆ ಅದು. ಸಾವು ಹತ್ತಿರವಿದ್ದೂ ಓಡುವ ಚಾಂಪಿಯನ್ ಜಶುಗನ್ ಇಡೀ ಸರಣಿಯ ಘನವಾದ ಪಾತ್ರ. ಬೇಸರ ಬರುವುದು ನಿಜವಾಗಿ ಆಮೇಲಿನ ಮರುಭೂಮಿಯ ಅಧ್ಯಾಯಗಳಲ್ಲಿ; ಅಲ್ಲಿ ಸ್ವಲ್ಪ ವೇಗವಾಗಿ ಪುಟ ಮಗುಚಿದರೂ ಅಡ್ಡಿಯಿಲ್ಲ.

ಮೂರನೆಯದಾಗಿ ತ್ಸುತೊಮು ನಿಹೆಯಿ ಅವರ ‘ಬ್ಲೇಮ್’ ಹೆಸರನ್ನು ಕೆಲವರು ಎತ್ತುತ್ತಾರೆ. ಹತ್ತು ಸಂಪುಟ, ಮುಗಿಯದ ಕಟ್ಟಡ, ಮಾತಿಲ್ಲದ ನಾಯಕ. ಕಣ್ಣಿಗೆ ಹಬ್ಬ, ಆದರೆ ಅಲ್ಲಿ ‘ನಾನು’ ಎಂದು ಕೇಳಿಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ, ಹಾಗಾಗಿ ಈ ಹೋಲಿಕೆಗೆ ಸಲ್ಲುವುದಿಲ್ಲ.

ಕೊಳ್ಳುವವರಿಗೆ ಇಷ್ಟು. ಅಲಿಟಾ ಮೊದಲ ಸಂಪುಟ ಓದಿ ಹಿಡಿಸದಿದ್ದರೂ ಎರಡನೆಯದನ್ನು ಓದಿ, ಹ್ಯೂಗೊ ಸಿಗುವುದು ಅಲ್ಲೇ. ರಾಬರ್ಟ್ ರೋಡ್ರಿಗಸ್ ನಿರ್ದೇಶನದ 2019ರ ಹಾಲಿವುಡ್ ಸಿನಿಮಾ ಹ್ಯೂಗೊನ ಕಥೆಯನ್ನೂ ಮೋಟರ್‌ಬಾಲನ್ನೂ ಒಂದೇ ಚೀಲಕ್ಕೆ ತುಂಬಿದೆ. ಅದನ್ನು ನೋಡಿದವರೂ ಪುಸ್ತಕವನ್ನು ಮೊದಲಿನಿಂದಲೇ ಓದಬೇಕು. ಒಂಬತ್ತನೆಯ ಸಂಪುಟದ ಕೊನೆಯನ್ನು ಕಿಶಿರೊ 1995ರಲ್ಲಿ ಅವಸರದಲ್ಲಿ ಕಟ್ಟಿದರು, ಅದು ಓದುವಾಗಲೇ ಗೊತ್ತಾಗುತ್ತದೆ. 2000ದಲ್ಲಿ ‘ಲಾಸ್ಟ್ ಆರ್ಡರ್’ ಎಂಬ ಮುಂದುವರಿಕೆ ಶುರುಮಾಡಿದಾಗ ಅವರೇ ಆ ಕೊನೆಯನ್ನು ಬದಿಗಿಟ್ಟರು. ಅದರಲ್ಲಿ ಮಿದುಳೋ ಚಿಪ್ ಯಂತ್ರವೋ ಎಂಬ ಪ್ರಶ್ನೆ ಅಲಿಟಾಳ ತಲೆಗೇ ಬಂದು ಕೂರುತ್ತದೆ. ಆದರೆ ಆಮೇಲೆ ಪಂದ್ಯಾವಳಿಯೊಂದು ಸಂಪುಟಗಟ್ಟಲೆ ಎಳೆಯುತ್ತದೆ, ನನ್ನ ತಾಳ್ಮೆ ಅಲ್ಲಿ ಮುಗಿಯಿತು. ಶಿರೋ ಅವರ ಮೊದಲ ಪುಸ್ತಕವನ್ನು ಅಲಿಟಾ ಮುಗಿಸಿದ ಮೇಲೆ ತೆಗೆದುಕೊಳ್ಳಿ, ದಿನಕ್ಕೊಂದು ಅಧ್ಯಾಯಕ್ಕಿಂತ ಹೆಚ್ಚು ಓದಬೇಡಿ. 2001ರಲ್ಲಿ ಬಂದ ಅದರ ಮುಂದುವರಿಕೆ ‘ಮ್ಯಾನ್-ಮಷಿನ್ ಇಂಟರ್‌ಫೇಸ್’ ಹೊಳೆಯುವ ಬಣ್ಣದ ಪುಟಗಳಿಂದ ಕರೆಯುತ್ತದೆ. ಅದಕ್ಕೆ ದುಡ್ಡು ಹಾಕುವ ಮೊದಲು ಯಾರಿಂದಾದರೂ ಎರವಲು ತಂದು ನೋಡಿ.