43 ಇಂಚಿನ ಎರಡು ಟಿವಿ: ಕರೆಂಟು ಹೋಗಿ ಬಂದ ಮೇಲೆ ಯಾವುದು ವಾಸಿ?

ನನ್ನ ಓಟು ಎರಡರಲ್ಲಿ ದುಬಾರಿಯಾದದ್ದಕ್ಕೆ. ಚಿತ್ರ ಚೆನ್ನಾಗಿದೆ ಎಂದಲ್ಲ, ವೇಗ ಹೆಚ್ಚು ಎಂದೂ ಅಲ್ಲ. ಆ ಎರಡರಲ್ಲೂ ಅಗ್ಗದ್ದೇ ಮುಂದು. ಆದರೆ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಸಂಜೆ ಕರೆಂಟು ಹೋಗಿ ಬಂದ ಮೇಲೆ, ಅಪ್ಪ ನೋಡುತ್ತಿದ್ದ ಚಾನೆಲ್ಲು ತಾನಾಗಿ ಮತ್ತೆ ಎದುರಿಗೆ ಬರುವುದು ದುಬಾರಿ ಟಿವಿಯಲ್ಲಿ ಮಾತ್ರ. ನನಗೆ ಮೂರು ಸಾವಿರ ರೂಪಾಯಿ ಹೆಚ್ಚು ಕೊಡಲು ಅಷ್ಟು ಸಾಕಾಯಿತು.

ಎರಡೂ ಒಂದೇ ಮನೆಯಲ್ಲಿ ಹೇಗೆ ಸೇರಿದವು ಎಂದರೆ, ಅಕ್ಕ ಶಿವಮೊಗ್ಗದಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತಲ್ಲ, ಆ ದಸರಾ ಸಮಯದಲ್ಲೇ ಭಾವ ಟಿವಿ ತೆಗೆದುಬಿಟ್ಟರು. ತೆರಿಗೆ ಬಿಟ್ಟು 25,000 ರೂಪಾಯಿ ಇರುವ ಟಿವಿಗೆ ಮೊದಲು 32,000 ಆಗುತ್ತಿತ್ತು, ಈಗ 29,500. ಹಬ್ಬದ ರಿಯಾಯಿತಿ ಬೇರೆ. ಗೃಹಪ್ರವೇಶ ಮುಂದೆ ಹೋಯಿತು, ಟಿವಿ ನಮ್ಮನೆಗೆ ಬಂತು. ನಮ್ಮ ಹಳೆಯದು ಆಗಲೇ ಕೈಕೊಟ್ಟಿದ್ದರಿಂದ ಅಕ್ಕನೇ, ‘ಡಬ್ಬದಲ್ಲಿ ಇಟ್ಟು ಏನು ಮಾಡ್ತೀರಿ, ಹಾಕಿ ನೋಡಿ’ ಎಂದಳು. ಆಮೇಲೆ ನಮಗೆಂದು ಒಂದು ತರುವ ಹೊತ್ತಿಗೆ ಏನು ನೋಡಿ ತರಬೇಕು ಎಂಬುದು ಗೊತ್ತಾಗಿತ್ತು. ಈಗ ನಡುಮನೆಯಲ್ಲಿ ಎರಡೂ ಅಕ್ಕಪಕ್ಕ ನಿಂತಿವೆ.

ಎರಡೂ 43 ಇಂಚು, 4ಕೆ, ಎರಡರಲ್ಲೂ ಗೂಗಲ್ ಟಿವಿ ಎಂಬ ಗೂಗಲ್ ಕಂಪನಿಯ ತಂತ್ರಾಂಶ, ಎರಡೂ ಹೆಸರಿರುವ ಕಂಪನಿಯವು. ಹೆಸರು ಬರೆಯುತ್ತಿಲ್ಲ. ಪ್ರತಿ ವರ್ಷ ಮಾಡೆಲ್ ನಂಬರು ಬದಲಾಗುತ್ತದೆ, ಒಂದೇ ಕಂಪನಿಯ ಎರಡು ಮಾಡೆಲ್ಲುಗಳೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಅಂಗಡಿಯಲ್ಲಿ ಏನನ್ನು ಮಾಡಿಸಿ ನೋಡಬೇಕು ಎಂಬುದು ಗೊತ್ತಿದ್ದರೆ ಹೆಸರಿಗಿಂತ ಹೆಚ್ಚು ಉಪಯೋಗ. ಇಲ್ಲಿ ಅಗ್ಗದ್ದನ್ನು ‘ಅಕ್ಕನ ಟಿವಿ’, ದುಬಾರಿಯದನ್ನು ‘ನಮ್ಮ ಟಿವಿ’ ಎಂದೇ ಕರೆಯುತ್ತೇನೆ.

ಈಗ ಕರೆಂಟಿನ ವಿಷಯ. ಉಳಿದದ್ದೆಲ್ಲ ಇದರ ಮುಂದೆ ಸಣ್ಣದು.

ಮಲೆನಾಡಿನಲ್ಲಿ ಗಾಳಿ ಎದ್ದರೆ ಸಾಕು, ಎಲ್ಲೋ ಒಂದು ಕೊಂಬೆ ತಂತಿಗೆ ತಾಗುತ್ತದೆ, ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಹಳೆಯ ಡಬ್ಬಾ ಟಿವಿಗೆ ಇದು ತೊಂದರೆಯೇ ಆಗಿರಲಿಲ್ಲ. ಕರೆಂಟು ಬಂತು, ಟಿವಿ ಬಂತು, ಚಾನೆಲ್ಲು ಬಂತು. ಅಕ್ಕನ ಟಿವಿ ಹಾಗಲ್ಲ. ಕರೆಂಟು ಬಂದ ಮೇಲೆ ಅದು ಕೆಂಪು ದೀಪ ಹಚ್ಚಿಕೊಂಡು ಸುಮ್ಮನೆ ಕೂರುತ್ತದೆ. ರಿಮೋಟಿನಲ್ಲಿ ಒತ್ತಬೇಕು. ಒತ್ತಿದರೆ ಕಂಪನಿಯ ಲೋಗೊ, ಅದಾದ ಮೇಲೆ ಗೂಗಲ್ ಟಿವಿಯ ಹೆಸರು, ಅರ್ಧ ನಿಮಿಷ ಕಾದ ಮೇಲೆ ಹೋಮ್ ಪುಟ. ಅಲ್ಲಿ ಮೇಲೆ ಯಾವುದೋ ಹಿಂದಿ ವೆಬ್ ಸೀರೀಸ್‌ನ ದೊಡ್ಡ ಚಿತ್ರ, ಕೆಳಗೆ ಸಾಲು ಸಾಲು ಸಿನಿಮಾ. ಡಿಶ್‌ನ ಬಾಕ್ಸು ಟಿವಿಯ ಎಚ್‌ಡಿಎಂಐ 1 ಎಂಬ ತೂತಿಗೆ ಜೋಡಿಸಿದೆ. ಅಲ್ಲಿಗೆ ಹೋಗಬೇಕಾದರೆ ಆ ಪುಟದಲ್ಲಿ ಕೆಳಗೆ ಕೆಳಗೆ ಇಳಿದು ‘ಇನ್‌ಪುಟ್ಸ್’ ಸಾಲು ಹುಡುಕಬೇಕು. ರಿಮೋಟಿನಲ್ಲಿ ಅದಕ್ಕೊಂದು ಬಟನ್ ಇಲ್ಲ. ಇರುವ ಜಾಗದಲ್ಲೆಲ್ಲ ಒಟಿಟಿ ಆ್ಯಪುಗಳ ಬಟನ್.

ಅಪ್ಪನಿಗೆ ಎರಡೂ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಚಂದನದಲ್ಲಿ ಏಳು ಗಂಟೆಯ ವಾರ್ತೆ ನೋಡುವುದು ದೂರದರ್ಶನ ಬಂದಾಗಿನ ಅಭ್ಯಾಸ. ವಾರ್ತೆಯ ನಡುವೆ ಕರೆಂಟು ಹೋಗಿ ಬಂದರೆ, ‘ತಂಗೀ, ಇದು ಮತ್ತೆ ಎಲ್ಲಿಗೋ ಹೋಯ್ತು, ಬಾ ಇಲ್ಲಿ’ ಎಂದು ಕೂಗುತ್ತಿದ್ದರು. ನಾನು ಕೊಟ್ಟಿಗೆಯಲ್ಲೋ ಬಚ್ಚಲಲ್ಲೋ ಇರುತ್ತಿದ್ದೆ. ಬಂದು ಸರಿಮಾಡಿ ಹೋಗುವಷ್ಟರಲ್ಲಿ ಮತ್ತೆ ಹೋಗುತ್ತಿತ್ತು. ನಾನು ಇಲ್ಲದ ದಿನ ಅವರು ಟಿವಿ ಆರಿಸಿ ರೇಡಿಯೊ ಹಚ್ಚಿಕೊಳ್ಳುತ್ತಿದ್ದರು. ತಮ್ಮ ಮನೆಯ ಟಿವಿಯಲ್ಲಿ ವಾರ್ತೆ ನೋಡಲು ಹಿರಿಯರು ಇನ್ನೊಬ್ಬರನ್ನು ಕರೆಯಬೇಕಾಗಿ ಬಂದರೆ, ಆ ಟಿವಿಯ ಬಣ್ಣ, ಕಪ್ಪು, ಡಾಲ್ಬಿ ಯಾವುದೂ ನನಗೆ ಲೆಕ್ಕಕ್ಕೆ ಬರುವುದಿಲ್ಲ.

‘ಇನ್ವರ್ಟರ್ ಹಾಕಿಸಿದರೆ ಆಯ್ತಲ್ಲ’ ಎಂದು ಭಾವ ಹೇಳಿದರು. ಇನ್ವರ್ಟರ್ ಇದೆ. ಕರೆಂಟು ಹೋಗಿ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲೇ ಅಕ್ಕನ ಟಿವಿ ಆರಿಹೋಗುತ್ತದೆ. ಇನ್ವರ್ಟರಿನ ಹಿಂದೆ ಒಂದು ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ನಾರ್ಮಲ್. ಯುಪಿಎಸ್‌ಗೆ ಹಾಕಿದರೆ ಬದಲಾವಣೆ ಬೇಗ ಆಗುತ್ತದೆ, ಕಂಪ್ಯೂಟರ್ ಆರದಿರಲಿ ಎಂದೇ ಅದನ್ನು ಕೊಟ್ಟಿರುವುದು. ಹಾಕಿದೆ. ಟಿವಿ ಆರುವುದು ಬಹಳ ಮಟ್ಟಿಗೆ ನಿಂತಿತು. ಆದರೆ ಯುಪಿಎಸ್ ಮೋಡ್‌ನಲ್ಲಿ ಇನ್ವರ್ಟರ್ ವೋಲ್ಟೇಜಿನ ವಿಷಯದಲ್ಲಿ ಬಿಗಿಯಾಗುತ್ತದೆ. ಸುಮಾರು 180 ವೋಲ್ಟಿಗಿಂತ ಕೆಳಗಿಳಿದರೆ ಲೈನಿನಲ್ಲಿ ಕರೆಂಟು ಇದ್ದರೂ ಬೇಡ ಎಂದು ಬ್ಯಾಟರಿಗೆ ಹೋಗಿಬಿಡುತ್ತದೆ. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ಟುಗಳು ಓಡುವಾಗ ನಮ್ಮಲ್ಲಿ ವೋಲ್ಟೇಜು ಅದಕ್ಕಿಂತ ಕೆಳಗೇ ಇರುತ್ತದೆ. ಸಂಜೆಯೆಲ್ಲ ಬ್ಯಾಟರಿಯಲ್ಲೇ ನಡೆದು, ರಾತ್ರಿ ನಿಜವಾಗಿ ಕರೆಂಟು ಹೋದಾಗ ಫ್ಯಾನಿಗೆ ಬ್ಯಾಟರಿ ಉಳಿದಿರುವುದಿಲ್ಲ. ಸ್ವಿಚ್ಚನ್ನು ಮತ್ತೆ ನಾರ್ಮಲ್‌ಗೇ ತಿರುಗಿಸಿದೆ.

ಗೂಗಲ್ ಟಿವಿಯಲ್ಲೇ ‘ಬೇಸಿಕ್ ಟಿವಿ’ ಎಂಬ ಇನ್ನೊಂದು ದಾರಿ ಇದೆ. ಸೆಟಪ್ ಮಾಡುವಾಗ ಅದನ್ನು ಆರಿಸಿಕೊಂಡರೆ ಆ್ಯಪುಗಳ ಗಲಾಟೆ ಇಲ್ಲ, ಎಚ್‌ಡಿಎಂಐ ಮತ್ತು ಆ್ಯಂಟೆನಾ ಅಷ್ಟೇ. ಅಪ್ಪನಿಗೆ ಅದು ಸರಿ. ಆದರೆ ಅಮ್ಮನಿಗೆ ಊಟವಾದ ಮೇಲೆ ಯೂಟ್ಯೂಬಿನಲ್ಲಿ ಯಕ್ಷಗಾನ ಬೇಕು, ಬೇಸಿಕ್‌ನಲ್ಲಿ ಯೂಟ್ಯೂಬ್ ಇಲ್ಲ. ಖಾತೆಯ ಸೆಟ್ಟಿಂಗಿನಲ್ಲಿ ‘ಆ್ಯಪ್ಸ್ ಓನ್ಲಿ’ ಎಂಬುದನ್ನು ಆನ್ ಮಾಡಿದರೆ ಶಿಫಾರಸುಗಳ ಸಾಲು ಹೋಗುತ್ತದೆ. ಅಷ್ಟು ಮಾಡಿದೆ, ಪುಟ ಹಗುರಾಯಿತು. ಆದರೂ ಎಚ್‌ಡಿಎಂಐಗೆ ತಾನಾಗಿ ಹೋಗಲಿಲ್ಲ.

ನಮ್ಮ ಟಿವಿಯ ಸೆಟ್ಟಿಂಗಿನಲ್ಲಿ ಪವರ್ ಎಂಬ ಭಾಗದ ಒಳಗೆ ಎರಡು ಸಾಲುಗಳಿವೆ. ಒಂದು, ಕರೆಂಟು ಹೋಗಿ ಬಂದಾಗ ಏನು ಮಾಡಬೇಕು: ಆರಿಯೇ ಇರಬೇಕೇ, ಹೊತ್ತಿಕೊಳ್ಳಬೇಕೇ, ಮೊದಲು ಹೇಗಿತ್ತೋ ಹಾಗೆ ಆಗಬೇಕೇ. ಇನ್ನೊಂದು, ಹೊತ್ತಿಕೊಂಡಾಗ ಯಾವುದನ್ನು ತೋರಿಸಬೇಕು: ಹೋಮ್ ಪುಟವೋ, ಕೊನೆಯ ಇನ್‌ಪುಟ್ಟೋ. ಮೊದಲನೆಯದಕ್ಕೆ ‘ಮೊದಲಿನಂತೆ’, ಎರಡನೆಯದಕ್ಕೆ ‘ಕೊನೆಯ ಇನ್‌ಪುಟ್’ ಎಂದು ಹಾಕಿಟ್ಟೆ. ಈಗ ಕರೆಂಟು ಬಂದರೆ ಟಿವಿ ತಾನಾಗಿ ಹೊತ್ತಿಕೊಂಡು ಸೀದಾ ಡಿಶ್‌ಗೆ ಹೋಗುತ್ತದೆ, ಬಾಕ್ಸೂ ಅಷ್ಟರಲ್ಲಿ ಎದ್ದು ಅದೇ ಚಾನೆಲ್ ಹಾಕಿರುತ್ತದೆ. ಇನ್ವರ್ಟರ್ ನಾರ್ಮಲ್ ಮೋಡ್‌ನಲ್ಲಿದ್ದರೂ ಇದು ಆರುವುದೇ ಅಪರೂಪ. ಅಕ್ಕನ ಟಿವಿಯ ಸೆಟ್ಟಿಂಗನ್ನು ತಳದವರೆಗೆ ಜಾಲಾಡಿದೆ, ಆ ಎರಡು ಸಾಲು ಇಲ್ಲ. ಕಂಪನಿಯ ಸಹಾಯವಾಣಿಯವರೂ ಈ ಮಾಡೆಲ್ಲಿಗೆ ಆ ಸೌಲಭ್ಯವಿಲ್ಲ ಎಂದರು.

ಹಾಗಾಗಿ ಸಾಗರದ ಅಂಗಡಿಗೆ ಹೋದಾಗ ನಾನು ಬೇರೇನೂ ಕೇಳಲಿಲ್ಲ. ‘ಡಿಶ್ ಬಾಕ್ಸು ಹಾಕಿ ಒಂದು ಚಾನೆಲ್ ತೋರಿಸಿ, ಆಮೇಲೆ ಗೋಡೆಯ ಪ್ಲಗ್ಗು ಕಿತ್ತು ಮತ್ತೆ ಹಾಕಿ’ ಎಂದೆ. ಅಂಗಡಿಯ ಹುಡುಗ ಮರುಮಾತಾಡದೆ ಮಾಡಿ ತೋರಿಸಿದ. ಅವರ ಮನೆಯೂ ಹೊಸನಗರದ ಕಡೆಯಂತೆ. ಆನ್‌ಲೈನಿನಲ್ಲಿ ಇದೇ ಟಿವಿ ಸ್ವಲ್ಪ ಕಡಿಮೆಗೆ ಸಿಗುತ್ತಿತ್ತು, ಆದರೆ ಪ್ಲಗ್ಗು ಕಿತ್ತು ತೋರಿಸುವವರು ಅಲ್ಲಿಲ್ಲ.

ಚಿತ್ರಕ್ಕೆ ಬರೋಣ. ಪರದೆಯಲ್ಲಿ ವಿಎ, ಐಪಿಎಸ್ ಎಂದು ಎರಡು ಬಗೆ: ಅಕ್ಕನದು ವಿಎ ಪ್ಯಾನೆಲ್, ನಮ್ಮದು ಐಪಿಎಸ್. ದೀಪ ಆರಿಸಿ ಎದುರಿಗೆ ಕೂತು ನೋಡಿದರೆ ಅಕ್ಕನ ಟಿವಿಯ ಮುಂದೆ ನಮ್ಮದು ನಿಲ್ಲುವುದಿಲ್ಲ. ವಿಎಯಲ್ಲಿ ಕಪ್ಪು ಕಪ್ಪಾಗಿಯೇ ಇರುತ್ತದೆ, ಐಪಿಎಸ್‌ನಲ್ಲಿ ಬೂದಿ ಹಚ್ಚಿದಂತೆ ತೆಳುವಾಗುತ್ತದೆ. ಯಕ್ಷಗಾನದ ರಾತ್ರಿ ಆಟದ ವಿಡಿಯೊದಲ್ಲಿ ಬಣ್ಣದ ವೇಷ ಪರದೆಯ ಹಿಂದಿನಿಂದ ಬರುವಾಗ ಇದು ಎದ್ದು ಕಾಣುತ್ತದೆ. ಆದರೆ ನಮ್ಮ ನಡುಮನೆಯಲ್ಲಿ ಎದುರಿಗೆ ಕೂರುವುದು ಅಪ್ಪ ಒಬ್ಬರೇ. ಅಮ್ಮ ಅಡುಗೆಮನೆ ಬಾಗಿಲ ಹತ್ತಿರ ಅಡಿಕೆ ಸುಲಿಯುತ್ತಲೋ ಸೊಪ್ಪು ಬಿಡಿಸುತ್ತಲೋ ಕೂರುತ್ತಾರೆ, ಬಂದವರು ಕಿಟಕಿ ಪಕ್ಕದ ಬೆಂಚಿನ ಮೇಲೆ. ಪಕ್ಕದಿಂದ ನೋಡಿದರೆ ಅಕ್ಕನ ಟಿವಿಯಲ್ಲಿ ಮುಖಗಳು ಬಿಳುಚಿಕೊಳ್ಳುತ್ತವೆ, ಕೆಂಪು ಸೀರೆ ಗುಲಾಬಿಯಾಗುತ್ತದೆ. ನಮ್ಮದರಲ್ಲಿ ಬಾಗಿಲ ಬಳಿಯಿಂದಲೂ ಬಣ್ಣ ಹಾಗೇ ಇರುತ್ತದೆ. ಯಾವುದು ಯಾವ ಪ್ಯಾನೆಲ್ ಎಂದು ಡಬ್ಬದ ಮೇಲೆ ಬರೆದಿರುವುದು ಕಡಿಮೆ. ಅಂಗಡಿಯಲ್ಲಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ ತಿಳಿಯುತ್ತದೆ.

ಇನ್ನೊಂದು. ಅಂಗಡಿಯಲ್ಲಿ ತೋರಿಸುವ 4ಕೆ ಗಿಳಿ, ಹೂವು, ಜಲಪಾತ ನೋಡಿ ಮರುಳಾಗಬೇಡಿ. ನಮ್ಮ ಡಿಶ್‌ನಲ್ಲಿ ಬರುವ ಬಹುಪಾಲು ಕನ್ನಡ ಚಾನೆಲ್ಲುಗಳು ಎಸ್‌ಡಿ, ಅಂದರೆ 720×576 ಚುಕ್ಕಿ. 4ಕೆ ಪರದೆಯಲ್ಲಿರುವುದು 3840×2160. ಒಂದು ಚುಕ್ಕಿಯಿಂದ ಇಪ್ಪತ್ತು ಚುಕ್ಕಿಯನ್ನು ಟಿವಿಯೇ ಊಹಿಸಿ ತುಂಬಬೇಕು. ಆ ಊಹೆ ಹೇಗಿದೆ ಎಂದು ನೋಡಲು ವಾರ್ತೆಯ ಕೆಳಗೆ ಓಡುವ ಅಕ್ಷರಗಳನ್ನು ನೋಡಿ. ಅಕ್ಕನ ಟಿವಿ ಗೆರೆಗಳನ್ನು ಹರಿತ ಮಾಡಲು ಹೋಗಿ ಒತ್ತಕ್ಷರಗಳ ಸುತ್ತ ಬಿಳಿ ಅಂಚು ಎಬ್ಬಿಸುತ್ತದೆ. ‘ರಾಷ್ಟ್ರ’ ಎಂದು ಬಂದರೆ ಕೆಳಗಿನದೆಲ್ಲ ಒಂದಕ್ಕೊಂದು ಅಂಟಿಕೊಂಡು ಕಾಣುತ್ತದೆ. ಶಾರ್ಪ್‌ನೆಸ್ ಅನ್ನು ತೀರಾ ಕೆಳಗಿಳಿಸಿದ ಮೇಲೆ ಸುಧಾರಿಸಿತು. ನಮ್ಮದರಲ್ಲಿ ಅಕ್ಷರ ಸ್ವಲ್ಪ ಮೆತ್ತಗಿದ್ದರೂ ಓದಲು ಬರುತ್ತದೆ. ಎರಡರಲ್ಲೂ ಬಂದ ದಿನವೇ ವಿವಿಡ್ ಮೋಡ್ ತೆಗೆದು ಸ್ಟ್ಯಾಂಡರ್ಡ್‌ಗೆ ಹಾಕಿ, ಚಲನೆ ನಯಗೊಳಿಸುವ ಸೆಟ್ಟಿಂಗನ್ನು ಆಫ್ ಮಾಡಿದೆ.

ಕ್ರಿಕೆಟ್ಟಿಗೆ ಎರಡೂ ಒಂದೇ.

ಧ್ವನಿಯಲ್ಲಿ ನಮ್ಮದು ಮೇಲು. ವ್ಯಾಟ್ ಲೆಕ್ಕದಲ್ಲಿ ಅಕ್ಕನದೇ ಹೆಚ್ಚು, ಆದರೆ ಚಂಡೆ ಏರಿದಾಗ ಭಾಗವತರ ದನಿ ಅದರೊಳಗೆ ಮುಳುಗಿಹೋಗುತ್ತದೆ, ತಾಳದ ಕಿಣಿಕಿಣಿ ಕಿವಿಗೆ ಚುಚ್ಚುತ್ತದೆ. ನಮ್ಮದರಲ್ಲಿ ಪದ್ಯದ ಸಾಹಿತ್ಯ ಬಿಡಿಬಿಡಿಯಾಗಿ ಕೇಳುತ್ತದೆ. ಅಮ್ಮ ನಮ್ಮದನ್ನು ಮೆಚ್ಚಿದ್ದು ಇದೊಂದೇ ಕಾರಣಕ್ಕೆ.

ಆ್ಯಪು ತೆರೆಯುವ ವೇಗ, ಜಾಗ: ಅಕ್ಕನದು ಗೆದ್ದಿತು. ಅದರಲ್ಲಿ 16 ಜಿಬಿ, ನಮ್ಮದರಲ್ಲಿ 8. ನಮ್ಮದರಲ್ಲಿ ನಾಲ್ಕೈದು ಆ್ಯಪು ತುಂಬಿದರೆ ಎಳೆದಾಡುತ್ತದೆ. ನಾವು ಇಟ್ಟುಕೊಂಡಿರುವುದು ಯೂಟ್ಯೂಬ್ ಮತ್ತು ಇನ್ನೊಂದು, ಹಾಗಾಗಿ ನಡೆಯುತ್ತದೆ. ವೈಫೈ ಎರಡರಲ್ಲೂ ಸರಿ, ಆದರೆ ಮಣ್ಣಿನ ದಪ್ಪ ಗೋಡೆ ದಾಟಿ 5 ಗಿಗಾಹರ್ಟ್ಸ್ ಬರುವುದಿಲ್ಲ, 2.4ಕ್ಕೇ ಜೋಡಿಸಬೇಕು.

ನಿಲ್ಲಿಸುವ ವಿಷಯದಲ್ಲಿ ಅಳತೆ ಪಟ್ಟಿ ಹಿಡಿದೇ ಹೋಗಿ. 43 ಇಂಚಿನ ಟಿವಿಯ ಅಗಲ ಸುಮಾರು 96 ಸೆಂಟಿಮೀಟರ್. ಕಾಲುಗಳು ಹೆಚ್ಚಾಗಿ ನಡುವೆ ಇರುವುದಿಲ್ಲ, ಎರಡು ತುದಿಗೆ ಇರುತ್ತವೆ. ಹಳೆಯ ಟಿವಿಯ ಮೇಜಿನ ಮೇಲೆ ಅಕ್ಕನದು ಕೂರಲೇ ಇಲ್ಲ, ಹಲಗೆ ಹಾಕಬೇಕಾಯಿತು. ನಮ್ಮದರಲ್ಲಿ ಕಾಲಿಗೆ ಎರಡು ಜಾಗ ಕೊಟ್ಟಿದ್ದಾರೆ, ಒಳಗಿನದಕ್ಕೆ ಹಾಕಿದರೆ ಅದೇ ಮೇಜು ಸಾಕು. ಮಣ್ಣಿನ ಗೋಡೆಗೆ ಬ್ರಾಕೆಟ್ ಹೊಡೆಯುವ ಸಾಹಸ ಬೇಡ.

ಸಿಡಿಲಿನ ಕಾಲದಲ್ಲಿ ಎರಡಕ್ಕೂ ಒಂದೇ ಪಥ್ಯ: ಗುಡುಗು ಶುರುವಾಗುವ ಮೊದಲೇ ಪ್ಲಗ್ಗು ಕೀಳಬೇಕು, ಡಿಶ್‌ನ ಕೇಬಲ್ಲನ್ನೂ ಬಾಕ್ಸಿನಿಂದ ಬಿಚ್ಚಬೇಕು. ಪ್ಲಗ್ಗು ಮಾತ್ರ ಕಿತ್ತು ಕೇಬಲ್ ಬಿಟ್ಟರೆ ಛಾವಣಿಯ ಮೇಲಿಂದ ಬರುವ ಸಿಡಿಲಿನ ಹೊಡೆತ ಬಾಕ್ಸು ದಾಟಿ ಎಚ್‌ಡಿಎಂಐ ದಾರಿಯಲ್ಲಿ ಟಿವಿಗೂ ಹೋಗಬಹುದು. ಸ್ಟೆಬಿಲೈಜರ್ ಇದನ್ನು ತಡೆಯುವುದಿಲ್ಲ.

ಅಕ್ಕನ ಮನೆಗೆ ಅಕ್ಕನ ಟಿವಿಯೇ ಸರಿ, ಅದನ್ನು ಭಾವನಿಗೂ ಹೇಳಿದ್ದೇನೆ. ಶಿವಮೊಗ್ಗದಲ್ಲಿ ಕರೆಂಟು ಇಷ್ಟು ಹೋಗುವುದಿಲ್ಲ, ಅವರು ಡಿಶ್ ಹಾಕಿಸುವುದಿಲ್ಲ, ಹಾಲ್‌ನಲ್ಲಿ ಸೋಫಾ ನೇರ ಎದುರಿಗೆ ಬರುತ್ತದೆ, ಮಕ್ಕಳು ರಾತ್ರಿ ದೀಪ ಆರಿಸಿ ಸಿನಿಮಾ ನೋಡುತ್ತಾರೆ. ಅಂಥವರು ಅದನ್ನೇ ತೆಗೆದುಕೊಳ್ಳಲಿ, ಉಳಿದ ಮೂರು ಸಾವಿರಕ್ಕೆ ಇನ್ನಷ್ಟು ಸೇರಿಸಿ ಒಂದು ಸೌಂಡ್‌ಬಾರ್ ತರಲಿ. ಟಿವಿಯ ಹಿಂದೆ ಇಎಆರ್‌ಸಿ (ಟಿವಿಯ ಧ್ವನಿ ಹೊರಗೆ ಕಳಿಸುವ ದಾರಿ) ಎಂದು ಬರೆದಿರುವ ಎಚ್‌ಡಿಎಂಐ ತೂತು ಒಂದೇ ಇರುತ್ತದೆ, ಸೌಂಡ್‌ಬಾರ್ ಅದಕ್ಕೇ ಹಾಕಬೇಕು.